ರಟ್ಟು ಕಿತ್ತ ಕೈ

ಸುಮನಾ ಯಲ್ಲಮ್ಮನನ್ನು ಮೊದಲು ಕಂಡಿದ್ದು ೨೦೦೧ರ ಮಳೆಗಾಲದಲ್ಲಿ, ಮಾಚೇನಹಳ್ಳಿಯ ರಟ್ಟಿನ ಕಾರ್ಖಾನೆಯಲ್ಲಿ. ಹಳ್ಳಿಯಿಂದ ಬಂದು ಬಿ.ಎ. ಮುಗಿಸಿ, ಗೋಪಾಳದಲ್ಲಿ ಬಾಡಿಗೆ ಕೋಣೆ ಹಿಡಿದು, ಅಲ್ಲಿನ ಆಫೀಸಿಗೆ ಸೇರಿದ ಮೊದಲ ದಿನ ಅದು. ಶೆಡ್ಡಿನ ಬಾಗಿಲಲ್ಲಿ ಆಳೆತ್ತರದ ರದ್ದಿ ರಾಶಿ. ಪಕ್ಕದಲ್ಲಿ ಗೋಣಿಚೀಲದ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ. ಪುಸ್ತಕವೊಂದನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ಮರುಕ್ಷಣವೇ ಅದನ್ನು ಮಂಡಿಗೆ ಒತ್ತಿ ಹಿಡಿದು ಚರ್ರನೆ ರಟ್ಟು ಕಿತ್ತಳು.

ಪುಸ್ತಕಕ್ಕೆ ಕಾಲು ತಾಗಿದರೂ ನಮಸ್ಕರಿಸಿ ಬೆಳೆದ ಸುಮನಾ ಧಾವಿಸಿ ಬಂದು ಕೈ ಅಡ್ಡ ಹಿಡಿದಳು.

“ಅಯ್ಯೋ, ಏನ್ ಮಾಡ್ತಿದೀರಿ!”

“ರಟ್ಟಿನ ಬಟ್ಟೆ, ಗೋಂದು ಸೇರಿದ್ರೆ ಅರೆದ ಕಾಗದದ ತಿರುಳು ಕೆಡುತ್ತೆ. ನಿಮ್ಮೂರಲ್ಲಿ ಅಡಿಕೆ ಸುಲೀದೆ ಬೇಯಿಸ್ತಾರೇನು ಮಾರಾಯ್ತಿ?” ಎಂದು ನಕ್ಕಳು ಯಲ್ಲಮ್ಮ.

ಅಂಗಿಯ ಕಥೆ ಆಮೇಲೆ ತಿಳಿಯಿತು. ಅದು ಗಂಡ ಏಕಾಂತಪ್ಪನದು. ಭದ್ರಾವತಿಯಲ್ಲಿ ಅವನು ದುಡಿಯುತ್ತಿದ್ದ ಫೌಂಡ್ರಿ ಮುಚ್ಚಿತು. ಮರುವರ್ಷ ಅವನೂ ತೀರಿಹೋದ. ಕೆಲಸದಲ್ಲಿದ್ದಾಗ ಒಂದು ನಾಟಕ ಬರೆದಿದ್ದ. ಗೆಳೆಯರೇ ಅಚ್ಚು ಹಾಕಿಸಿ ಆಡಿದ್ದರು. ಮನೆಯಲ್ಲಿ ಅವನು ಮಾತು ಒಪ್ಪಿಸುತ್ತಿದ್ದರೆ, ಅಕ್ಷರ ಬಾರದ ಯಲ್ಲಮ್ಮ ರೊಟ್ಟಿ ತಟ್ಟುತ್ತಲೇ ಎದುರು ಪಾತ್ರದ ಮಾತು ಹೇಳುತ್ತಿದ್ದಳು. ಮನೆಯ ಪ್ರತಿಯನ್ನು ಓದಲು ಒಯ್ದವರು ಹಿಂದಿರುಗಿಸಲೇ ಇಲ್ಲ. ಕೆಂಪು ಹೊದಿಕೆ, ಮೇಲೊಂದು ಚಿಮಣಿಯ ಚಿತ್ರ. ಇಷ್ಟೇ ಗುರುತು ಹಿಡಿದು ಅವಳು ಬಂದ ರದ್ದಿಯಲ್ಲೆಲ್ಲ ಅದನ್ನು ಹುಡುಕುತ್ತಿದ್ದಳು.

ದೀಪಾವಳಿಯ ಹೊತ್ತಿಗೆ, ಬಾಗಿಲು ಹಾಕಿದ ಕಾರ್ಮಿಕರ ಕ್ಲಬ್ಬೊಂದರ ಲೈಬ್ರರಿ ಲಾರಿಯಲ್ಲಿ ಬಂತು. ಎಲ್ಲ ಪುಸ್ತಕಗಳಿಗೂ ಒಂದೇ ಕಪ್ಪು ಬೈಂಡು. ಮಧ್ಯಾಹ್ನ ಶೆಡ್ಡಿಗೆ ಬಂದ ಸುಮನಾಳ ಕಾಲಿಗೆ ಬಿಡಿ ಹಾಳೆಯೊಂದು ತಾಗಿತು. ಕಣ್ಣಿಗೊತ್ತಿಕೊಂಡು ಸುಮ್ಮನೆ ಗಟ್ಟಿಯಾಗಿ ಓದಿದಳು: “ಸೈರನ್ ನಿಂತ್ರೆ ಊರು ನಿಂತೋಗುತ್ತೇನಲೇ?”

“ಕೋಳಿ ಸತ್ರೆ ಬೆಳಗಾಗೋದು ನಿಲ್ಲುತ್ತೇನೋ?” ಎಂದಳು ಯಲ್ಲಮ್ಮ, ತಲೆ ಎತ್ತದೆ.

ಸುಮನಾ ಹಾಳೆ ನೋಡಿದಳು. ಮುಂದಿನ ಸಾಲು ಅದೇ. ಯಲ್ಲಮ್ಮನ ಕೈ ಅಲ್ಲೇ ನಿಂತಿತ್ತು.

“ಇದು ನಮ್ಮೆಜಮಾನ್ರುದು ಕಣೇ! ಮಿಕ್ಕಿದ್ದೆಲ್ಲಿ?”

ಲೈಬ್ರರಿಯವರು ಕೆಂಪು ಹೊದಿಕೆ ತೆಗೆಸಿ ಕಪ್ಪು ಬೈಂಡು ಹಾಕಿಸಿದ್ದರು. ಇಬ್ಬರೂ ಅರೆಯುವ ತೊಟ್ಟಿಯತ್ತ ಓಡಿದರು. ಮೆಷಿನ್ ನೋಡಿಕೊಳ್ಳುವ ಭೀಮೇಶ್ ತಬ್ಬಿಬ್ಬಾದ.

“ಬೆಳಿಗ್ಗೆ ನೀನೇ ಸುಲಿದುಕೊಟ್ಟಿದ್ದಲ್ವಾ ಅಕ್ಕ? ಎಲ್ಲಾ ಸುರಿದುಬಿಟ್ನಲ್ಲ!”

ತೊಟ್ಟಿಯಲ್ಲಿ ಬೂದು ಬಣ್ಣದ ಗಂಜಿ ಗಿರಗಿರ ತಿರುಗುತ್ತಿತ್ತು. ಯಲ್ಲಮ್ಮ ತನ್ನ ಅಂಗೈಗಳನ್ನೇ ನೋಡಿಕೊಂಡಳು. “ಈ ಕೈಯಲ್ಲೇ ಕಿತ್ತೆನಲ್ಲೇ...” ಅಳು ಬರಲಿಲ್ಲ. ಅಲ್ಲೇ ಕುಸಿದು ಕೂತಳು.

ಕೂತಲ್ಲೇ ಯಲ್ಲಮ್ಮನ ತುಟಿ ಅಲುಗಿತು. ಸುಮನಾ ಬಗ್ಗಿ ಕಿವಿಗೊಟ್ಟಳು. ನಾಟಕದ ಮೊದಲ ದೃಶ್ಯ. ತನ್ನ ಪಾತ್ರದ ಮಾತು, ಗಂಡನ ಪಾತ್ರದ ಮಾತು, ಎರಡೂ ಬರುತ್ತಿದ್ದವು. ನಡುವೆ ಒಮ್ಮೆ ನಿಂತಳು, ಬೆದರಿದಳು, ಮತ್ತೆ ಹಿಡಿದಳು.

“ಇದೆ ಕಣೇ,” ಎಂದಳು, ತನಗೇ ನಂಬಿಕೆ ಬಾರದವಳಂತೆ.

ಯಲ್ಲಮ್ಮ ಈಗಲೂ ಅದೇ ಶೆಡ್ಡಿನಲ್ಲಿ ರಟ್ಟು ಕೀಳುತ್ತಾಳೆ. ಭಾನುವಾರ ಭದ್ರಾವತಿಯ ಕಾಗದನಗರದ ಹೆಂಗಸರಿಗೆ ಆ ನಾಟಕವನ್ನು ಬಾಯಿಂದಲೇ ಕಲಿಸುತ್ತಾಳೆ.