ಜುಂಜಣ್ಣನ ಗೊರಕಿ ಕಾಣೆಯಾದದ್ದು

ರಾಯದುರ್ಗದ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ಹನ್ನೊಂದು ವರ್ಷದಿಂದ ಜುಂಜಣ್ಣನ ಸೊಂಟದಲ್ಲೇ ಇದೆ. ಗುಮ್ಮಘಟ್ಟ ಕಡೆಯವರು. ಮೊಣಕಾಲು ಹಿಡಿದು ಕುರಿಗಳ ಹಿಂದೆ ನಡೆಯಲಾಗದೆ ಹೋದಾಗ ಮಂದೆಯನ್ನು ಒಡಹುಟ್ಟಿದವನಿಗೆ ಒಪ್ಪಿಸಿ ಅಟೆಂಡರ್ ಕೆಲಸಕ್ಕೆ ಬಂದರು. ನಾನೂ ಅದೇ ದಾರಿಯ ಊರಿನವಳು. ಬೆಳಿಗ್ಗೆ ಒಂದೇ ಶೇರ್ ಆಟೋದಲ್ಲಿ ಬರುತ್ತೇವೆ.

ಲ್ಯಾಬಿನಲ್ಲಿ ಪಾಠ ಹೇಳುವವಳು ನಾನಾದರೂ ಅಲ್ಲಿನ ಕಂಪ್ಯೂಟರುಗಳ ಗುಣ ಬಲ್ಲವರು ಅವರು. ಇಂಗ್ಲಿಷ್ ಅಕ್ಷರ ಬಾರದು, ಹಾಗಾಗಿ ಎಲ್ಲಕ್ಕೂ ಹೆಸರಿಟ್ಟಿದ್ದಾರೆ. ತಡವಾಗಿ ಏಳುವುದು ಸೋಮಾರಿ. ಒಳಗಿನ ಫ್ಯಾನು ಗೊರಗೊರ ಎನ್ನುವುದು ಗೊರಕಿ.

ಬೇಸಿಗೆ ರಜೆ ಮುಗಿಸಿ ಬಂದರೆ ಗೊರಕಿ ಇರಲಿಲ್ಲ. ಲ್ಯಾಬಿಗೆ ಬಣ್ಣ ಹೊಡೆಸುವಾಗ ಜುಂಜಣ್ಣ ಮೊಣಕಾಲಿಗೆ ಔಷಧಿ ಕಟ್ಟಿಸಿಕೊಂಡು ಮನೆಯಲ್ಲಿ ಮಲಗಿದ್ದರು. ಆ ದಿನಗಳಲ್ಲಿ ಬೀಗದ ಕೈ ಯಾರ್ಯಾರ ಬಳಿ ಇತ್ತೆಂದು ಯಾರೂ ಕೇಳಲಿಲ್ಲ. ಶುಕ್ರವಾರ ಪ್ರಿನ್ಸಿಪಾಲ್ ಯರ್ರಿಸ್ವಾಮಿ ಸಾರ್ ಜುಂಜಣ್ಣನನ್ನು ಕರೆದು ಹೇಳಿದರು: "ಸೋಮವಾರ ತಪಾಸಣೆಗೆ ಬರ್ತಾರ. ಅಷ್ಟರೊಳಗ ಸಿಗಲಿಲ್ಲಂದ್ರ ಬೀಗದ ಕೈ ಟೇಬಲ್ ಮ್ಯಾಲಿಟ್ಟು ಹೋಗಿಬಿಡು. ಸ್ಟೇಷನ್ನಿಗೂ ಬರೆದುಕೊಡಬೇಕಾಗ್ತದ."

ಸಂಜೆ ಆಟೋದಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ಮನುಷ್ಯ ಹೊರಗೆ ನೋಡುತ್ತಾ ಕೂತಿದ್ದರು. ಇಳಿಯುವಾಗ ಅಂದರು: "ಕುರಿ ಕಾಯುವಾಗ ತೋಳ ಒಯ್ದದ್ದೈತಿ, ಖರೆ. ನಾನಾ ಮಾರ್ಕೊಂಡೆ ಅಂತ ಯಾರೂ ಅಂದಿರಲಿಲ್ಲ ತಾಯಿ."

ಆಗ ನನಗೆ ಮಾರ್ಚಿನಲ್ಲಿ ಕಲಿಯಲೆಂದು ಮಾಡಿಕೊಂಡಿದ್ದ ಒಂದು ವೆಬ್ ಪುಟ ನೆನಪಾಯಿತು. ನೆಟ್‌ವರ್ಕಿನಲ್ಲಿ ಯಾವ ಯಾವ ಕಂಪ್ಯೂಟರ್ ಇವೆ ಎಂದು ಸ್ಕ್ಯಾನ್ ಮಾಡಿ, ಉತ್ತರ ಕೊಟ್ಟವುಗಳನ್ನು ಪಟ್ಟಿಯಾಗಿ ತೋರಿಸುವ ಪುಟ. ಇನ್ನೂ ಅರೆಬರೆ. ಆದರೆ ಮಾರ್ಚಿನ ಪಟ್ಟಿ ಅದರಲ್ಲಿ ಉಳಿದಿತ್ತು.

ಶನಿವಾರ ಬೆಳಿಗ್ಗೆ ಲ್ಯಾಬಿನ ಕಂಪ್ಯೂಟರುಗಳನ್ನೆಲ್ಲ ಹಾಕಿ ಅಷ್ಟಕ್ಕೇ ಸ್ಕ್ಯಾನ್ ಮಾಡಿದೆ. ಜುಂಜಣ್ಣ ಹಿಂದೆ ನಿಂತು ನೋಡಿದರು.

"ಬರೇ ಅಂಕಿ ಅದಾವಲ್ಲ. ಇದರಾಗ ಯಾರು ಬಂದಾರ, ಯಾರು ಬಂದಿಲ್ಲ?"

"ಮೂವತ್ತೊಂಬತ್ತು ಬಂದಾವ್ರಿ. ನಲವತ್ತು ಇರಬೇಕಿತ್ತು."

"ಎಣಿಸಬ್ಯಾಡ್ರೀ!" ಎಂದು ಕೈ ಅಡ್ಡ ಹಿಡಿದರು. "ನಮ್ಮಲ್ಲಿ ಕುರಿ ಎಣಿಸಂಗಿಲ್ಲ, ಎಣಿಸಿದ್ರ ಕಡಿಮಿ ಆಗ್ತಾವಂತ. ಸಂಜಿಗೆ ರೊಪ್ಪದ ಬಾಗಿಲದಾಗ ನಿಂತು ಮುಖ ನೋಡತೀವಿ. ಯಾವುದರ ಮುಖ ಕಾಣಲಿಲ್ಲ, ಅದನ್ನ ಹುಡುಕ್ಕೊಂಡು ಹೋಗತೀವಿ. ಮನ್ಯಾಗ ಕೇಳಿದ್ರೂ ಎಲ್ಲಾ ಬಂದಾವು ಅಂತೀವಿ, ಇಷ್ಟು ಅನ್ನಂಗಿಲ್ಲ."

ಬಾರದವರನ್ನೇ ತೋರಿಸಿದರಾಯಿತು ಅನ್ನಿಸಿತು. ಹಳೆಯ ಪಟ್ಟಿಯಲ್ಲಿದ್ದು ಇಂದು ಕಾಣದವು ಕೆಂಪು ಸಾಲಾಗಿ ಬರುವಂತೆ ಬರೆದೆ. ಒತ್ತಿದರೆ ಇಡೀ ಪುಟ ಕೆಂಪಾಯಿತು.

"ಏನ್ ತಾಯಿ, ಇಡೀ ಕುರಿ ಮಂದಿನಾ ತೋಳ ತಿಂತಾ?"

ತಪ್ಪು ನನ್ನದೇ. ನಾನು ಹೋಲಿಸಿದ್ದು ನೆಟ್‌ವರ್ಕ್ ಕೊಡುವ ವಿಳಾಸವನ್ನು. ಕರೆಂಟು ಹೋಗಿ ಬಂದಾಗಲೆಲ್ಲ ಅದು ಬದಲಾಗಬಹುದು. ಇದನ್ನು ಹೇಳಿದಾಗ ಜುಂಜಣ್ಣ ನಕ್ಕರು, ನಿನ್ನೆಯಿಂದ ಮೊದಲ ಸಲ.

"ಉಣ್ಣೆ ಕತ್ತರಿಸಿದ ಮ್ಯಾಲ ಕುರಿ ಬ್ಯಾರೇನಾ ಕಾಣತೈತಿ. ಅದಕ್ಕ ಕಿವಿ ನೋಡಬೇಕು. ಮರಿಯಿದ್ದಾಗ ಹಾಕಿದ ಕಚ್ಚು ಸಾಯೋತನಕ ಹೋಗಂಗಿಲ್ಲ. ಇವಕ್ಕ ಕಿವಿ ಇಲ್ಲೇನು?"

ಇತ್ತು. ಪ್ರತಿ ಯಂತ್ರಕ್ಕೂ ತಯಾರಾಗುವಾಗಲೇ ಒಂದು ಸಂಖ್ಯೆ ಅಂಟಿಕೊಂಡಿರುತ್ತದೆ. ನನ್ನ ಸ್ಕ್ಯಾನ್ ಅದನ್ನೂ ತಂದಿತ್ತು. ನೋಡಲು ಉದ್ದವೆಂದು ನಾನೇ ಪುಟದಿಂದ ಮರೆಮಾಡಿದ್ದೆ. ಅದನ್ನು ಹಿಡಿದು ಹೋಲಿಸಿದೆ. ಒಂದೇ ಒಂದು ಕೆಂಪು ಸಾಲು ಉಳಿಯಿತು.

"ಗೊರಕಿ," ಎಂದರು ಜುಂಜಣ್ಣ ಮೆಲ್ಲಗೆ.

ಈ ಸಲ ಲ್ಯಾಬು ಬಿಟ್ಟು ಕಾಲೇಜಿಗೆಲ್ಲ ಸ್ಕ್ಯಾನ್ ಹಾಕಿದೆ. ಅರ್ಧ ನಿಮಿಷ. ಕೆಂಪು ಸಾಲು ಹಸಿರಾಯಿತು.

"ಜುಂಜಣ್ಣ, ಇಲ್ಲೇ ಎಲ್ಲೋ ಐತ್ರಿ! ಉತ್ತರ ಕೊಡ್ತಾ ಐತಿ!"

ಎಲ್ಲಿ ಎಂದು ಮಾತ್ರ ಪುಟ ಹೇಳದು. ವರಾಂಡದಲ್ಲಿ ಕೇಬಲ್ಲುಗಳೆಲ್ಲ ಸೇರುವ ಪೆಟ್ಟಿಗೆ ಇದೆ; ಗೊರಕಿಯ ಕೇಬಲ್ ಕಿತ್ತರೆ ಅದರ ಸಾಲು ಮತ್ತೆ ಕೆಂಪಾಗಬೇಕು. ಜುಂಜಣ್ಣ ಸ್ಟೂಲು ಹತ್ತಿ ಒಂದೊಂದೇ ಕೇಬಲ್ ಕಿತ್ತರು. ನಾನು ಲ್ಯಾಬಿನ ಬಾಗಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ಪ್ರತಿ ಸಲವೂ ಸ್ಕ್ಯಾನ್ ಮಾಡಿದೆ.

"ಹೋತೇನು?"

"ಇಲ್ರಿ. ಮತ್ತ ಹಾಕ್ರಿ."

"ಈಗ?"

"ಇಲ್ರಿ."

ಆಫೀಸಿನಿಂದ ಯಾರೋ ನೆಟ್ ಇಲ್ಲವೆಂದು ಕೂಗಿದರು. "ಕುರಿ ಹುಡುಕಾಕತ್ತೀವಿ, ಸ್ವಲ್ಪ ತಡೀರಿ!" ಎಂದರು ಜುಂಜಣ್ಣ. ಒಂಬತ್ತನೆಯ ಕೇಬಲ್ಲಿಗೆ ಸಾಲು ಕೆಂಪಾಯಿತು.

ಅವರು ಆ ಕೇಬಲ್ ಮತ್ತೆ ಸಿಕ್ಕಿಸಿ, ಗೋಡೆಯುದ್ದಕ್ಕೂ ಕೈಯಿಂದ ಸವರುತ್ತಾ ಕುಂಟುತ್ತಾ ನಡೆದರು. ಅದು ಗ್ರಂಥಾಲಯದೊಳಗೆ ಹೋಯಿತು. ಗ್ರಂಥಪಾಲಕಿ ಶ್ರೀಲತಾ ಮೇಡಂ ಅವರ ಮೇಜಿನ ಕೆಳಗೆ, ಇಳಿಬಿದ್ದ ಹೂವಿನ ಬಟ್ಟೆಯ ಹಿಂದೆ, ಗೊರಗೊರ ಸದ್ದು.

"ಅಯ್ಯೋ, ಬಣ್ಣದವರು ತಂದಿಟ್ಟಿದ್ರು. ನಮಗ ಹೊಸದು ಕೊಟ್ಟಾರ ಅಂದ್ಕೊಂಡು ನಾನಾ ಹಾಕಿಸ್ಕೊಂಡೆ," ಎಂದರು ಮೇಡಂ. "ಭಾಳ ಸದ್ದು ಮಾಡತೈತಿ, ಬೇಕಾದ್ರ ಒಯ್ಯಿರಿ."

"ಸದ್ದು ಅದರ ಗುಣ್ರಿ ಮೇಡಂ," ಎಂದು ಜುಂಜಣ್ಣ ಅದನ್ನು ಮಗುವಿನಂತೆ ಎತ್ತಿಕೊಂಡರು. ಮೊಣಕಾಲು ನೋವಿನವರೆಂದು ನಾನು ಕೈ ಚಾಚಿದರೆ ಕೊಡಲಿಲ್ಲ.

ಯರ್ರಿಸ್ವಾಮಿ ಸಾರ್ ಕ್ಷಮೆ ಕೇಳಲಿಲ್ಲ. ಆದರೆ ಸೋಮವಾರ ತಪಾಸಣೆಯವರಿಗೆ, "ಇವರು ಜುಂಜಣ್ಣನವರು, ಲ್ಯಾಬು ಇವರದೇ," ಎಂದು ಬಹುವಚನದಲ್ಲಿ ಪರಿಚಯಿಸಿದರು.

ಬಂದವರಲ್ಲಿ ಒಬ್ಬರು ರಿಜಿಸ್ಟರ್ ತೆರೆದು ಕೇಳಿದರು: "ಎಷ್ಟು ಕಂಪ್ಯೂಟರ್ ಇವೆ?"

ಜುಂಜಣ್ಣ ಬಾಗಿಲಲ್ಲಿ ನಿಂತು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದರು.

"ಎಲ್ಲಾ ಬಂದಾವ್ರಿ," ಎಂದರು.