ಅತ್ತೆಯನ್ನು ರಸ್ತೆ ದಾಟಿಸಿದ ಡೋಲು

ಟೈಲರಮ್ಮನಿಗೆ ನಲವತ್ತೆಂಟನೇ ವಯಸ್ಸಿನಲ್ಲಿ ಡೋಲು ಕಲಿಯುವ ಹುಚ್ಚು ಹಿಡಿಯಿತು. ಹಿಡಿದರೆ ಹಿಡಿಯಲಿ, ಆ ವಯಸ್ಸಿಗೆ ಹಿಡಿಯುವ ಬಿ.ಪಿ., ಶುಗರಿಗಿಂತ ಇದು ಎಷ್ಟೋ ವಾಸಿ. ಹಗಲೆಲ್ಲ ಹೊಲಿಗೆ ಮೆಷಿನ್ ತುಳಿಯುವುದು, ಸಂಜೆ ಮೇಷ್ಟ್ರ ಮನೆಯಲ್ಲಿ ಪಾಠ, ಬಿಡುವಾದಾಗಲೆಲ್ಲ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಡೋಲಿಟ್ಟು ಅಭ್ಯಾಸ. ಡಬ್ಬಿಯೊಳಗಿನ ಗುಂಡಿಗಳೂ ಕುಣಿಯುತ್ತಿದ್ದವು.

"ಕೈ ಚೆನ್ನಾಗಿದೆಯಮ್ಮ. ಆದ್ರೆ ಖುಷಿ ಆದ ತಕ್ಷಣ ತಾಳ ಬಿಟ್ಟು ಓಡ್ತೀರ. ಸ್ವಲ್ಪ ತಡ್ಕೊಳ್ಳಿ!" ಎಂದು ಮೇಷ್ಟ್ರು ಪ್ರತಿ ಪಾಠದಲ್ಲೂ ಹಣೆ ಚಚ್ಚಿಕೊಳ್ಳುತ್ತಿದ್ದರು.

ಮನೆಯಲ್ಲಿ ಅತ್ತೆಯದು ಬೇರೆಯೇ ರಾಗ. "ಮಾನ ಮರ್ಯಾದೆ ಇರೋ ಮನೆ ಇದು. ನಿಲ್ಸೇ ಆ ಗದ್ದಲಾನ!" ಬಾಯೇನೋ ಓಡುತ್ತಿತ್ತು, ಪಾಪ, ಕಾಲು ಓಡುತ್ತಿರಲಿಲ್ಲ. ನಡುಕದ ಕಾಯಿಲೆ ಬಂದಾಗಿನಿಂದ ಬಾಗಿಲ ಹತ್ತಿರ ಬಂದರೆ ಸಾಕು, ಮೊಳೆ ಹೊಡೆದಂತೆ ಪಾದ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಎದುರು ಮನೆಯಲ್ಲೇ ಅವರ ತಂಗಿ, ಸೊಂಟ ಮುರಿದುಕೊಂಡು ಮಲಗಿದ್ದರು. ಈ ಕಿಟಕಿಯಿಂದ ಆ ಕಿಟಕಿಗೆ ಕೈ ಬೀಸುವುದೇ ಇಬ್ಬರ ಭೇಟಿ. "ಸಾಯೋದ್ರೊಳಗೆ ಒಂದ್ಸಲ ಅವಳ ಪಕ್ಕ ಕೂತ್ಕೋಬೇಕು" ಎನ್ನುವಾಗ ಮಾತ್ರ ಅತ್ತೆಯ ಗಟ್ಟಿ ದನಿಯೂ ನಡುಗುತ್ತಿತ್ತು.

ಒಂದು ಬೆಳಿಗ್ಗೆ ಸೊಸೆ ಧಿಂ ತಕ ಧಿಂ ತಕ ಎಂದು ಶುರು ಹಚ್ಚಿಕೊಂಡಳು. ಬೈಯಲು ಹೊರಟ ಅತ್ತೆ ಅಡುಗೆಮನೆ ಬಾಗಿಲಲ್ಲಿ ಎಂದಿನಂತೆ ಅಂಟಿಕೊಂಡರು. ಆಮೇಲೆ ನೋಡಿ, ಒಂದು ಪಾದ ಎದ್ದಿತು. ಇನ್ನೊಂದೂ ಎದ್ದಿತು. ಬೈಗುಳ ಅರ್ಧಕ್ಕೇ ನಿಂತಿತು, ಅತ್ತೆ ನಿಲ್ಲಲಿಲ್ಲ. ಪೆಟ್ಟಿಗೊಂದು ಹೆಜ್ಜೆಯಿಡುತ್ತಾ ಮೇಜಿನವರೆಗೂ ಬಂದೇಬಿಟ್ಟರು!

"ನಿಲ್ಲಿಸ್ಬೇಡ ಕಣೇ! ಹೀಗೇ ಬಾರಿಸ್ತಾ ಎದುರು ಮನೆಗೆ ನಡಿ!"

ಕೊರಳಿಗೆ ಡೋಲು ನೇತುಹಾಕಿಕೊಂಡು ಸೊಸೆ ಹಿಂದುಹಿಂದಕ್ಕೆ ನಡೆದಳು, ಅತ್ತೆ ಮುಂದುಮುಂದಕ್ಕೆ. ಬಾಗಿಲು ದಾಟಿದ್ದಾಯಿತು. ರಸ್ತೆ ಬಂತು. ತರಕಾರಿ ಗಾಡಿ ನಿಂತಿತು, ಬಸ್ಸು ನಿಂತಿತು, ಡ್ರೈವರು ಇಳಿದು ಬಂದು ಚಪ್ಪಾಳೆ ತಟ್ಟಿದ. ಟೈಲರಮ್ಮನಿಗೆ ಸಂತೋಷ ಉಕ್ಕಿತು. ಉಕ್ಕಿದ್ದೇ ತಡ, ಕೈ ಓಡತೊಡಗಿತು. ಅತ್ತೆಯ ಕಾಲೂ ಓಡಿತು! ನಡುರಸ್ತೆಯಲ್ಲಿ ಅವರು ಮುಗ್ಗರಿಸಿ ವಾಲಿದರು.

"ಅಯ್ಯೋ, ಬೀಳ್ತೀನೇ!"

ಡೋಲು ನಿಲ್ಲಿಸಿದರೆ ಕಾಲು ಅಂಟಿಕೊಳ್ಳುತ್ತದೆ, ಓಡಿಸಿದರೆ ಮೂಳೆ ಮುರಿಯುತ್ತದೆ. ಟೈಲರಮ್ಮ ಮೇಷ್ಟ್ರನ್ನು ನೆನೆದು, ಹಲ್ಲು ಕಚ್ಚಿ, ಉಕ್ಕುವ ಹಾಲಿನ ಕೆಳಗೆ ಉರಿ ತಗ್ಗಿಸಿದಂತೆ ಕೈ ತಗ್ಗಿಸಿದಳು. ಧಿಂ. ತಕ. ಧಿಂ. ತಕ. ಅತ್ತೆ ನೆಟ್ಟಗಾದರು, ಹೆಜ್ಜೆ ಹದಕ್ಕೆ ಬಂತು.

ಎದುರು ಮನೆಯ ಮಂಚದ ಮೇಲೆ ಅಕ್ಕತಂಗಿಯರು ಕೈಕೈ ಹಿಡಿದು ಒಟ್ಟಿಗೇ ಮಾತಾಡಿದರು, ಒಟ್ಟಿಗೇ ಅತ್ತರು. ಒಬ್ಬರ ಮಾತು ಒಬ್ಬರು ಕೇಳಿಸಿಕೊಂಡರೆ ತಾನೆ! ಬಾಗಿಲಲ್ಲಿ ನಿಂತ ಟೈಲರಮ್ಮನಿಗೆ ನಗುವೂ ಬಂತು, ಅಳುವೂ ಬಂತು.

ಅತ್ತೆ ಮೂಗು ಒರೆಸಿಕೊಂಡು ಇತ್ತ ತಿರುಗಿದರು. "ಏ, ಸಂಜೆ ಪಾಠ ತಪ್ಪಿಸ್ಬೇಡ. ಮೆಟ್ಟಿಲು ಹತ್ತೋಕೆ ಯಾವ ತಾಳ ಅಂತ ಮೇಷ್ಟ್ರನ್ನ ಕೇಳ್ಕೊಂಡು ಬಾ. ಇವಳ ಮಹಡಿ ನೋಡ್ಬೇಕು ನಾನು."