ಕಾಗೆ ಮುಟ್ಟದ ಎಡೆ

ಮಾರಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವಳ ಕೈ ಕೆಳಗೆ ಹಾದುಹೋದಷ್ಟು ಹೆಸರುಗಳು ನಮ್ಮ ತಾಲ್ಲೂಕಿನ ಯಾವ ಮೇಷ್ಟರ ಹಾಜರಿ ಪುಸ್ತಕದಲ್ಲೂ ಇದ್ದಿರಲಾರವು. ಕನಕಪುರದಿಂದ ಸಾತನೂರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಆಗ ಒಂದು ಕಲ್ಲಿನ ಕಾರ್ಖಾನೆ ಇತ್ತು. ಸುತ್ತಲ ಬೆಟ್ಟಗಳ ಕರಿಕಲ್ಲನ್ನು ಕೊಯ್ದು ತಂದು, ಮುಖ ಕಾಣುವಷ್ಟು ನಯ ಮಾಡಿ, ಹೊರದೇಶದ ಸಮಾಧಿಗಳಿಗೆ ಕಳಿಸುತ್ತಿದ್ದರು. ಅಕ್ಷರ ಕೊರೆಯುವವನು ಕನಕಪುರದ ಖಲಂದರ್. ಕೊರೆದ ಅಕ್ಷರಕ್ಕೆ ಸಣ್ಣ ಕುಂಚದಲ್ಲಿ ಚಿನ್ನದ ಬಣ್ಣ ತುಂಬುವವಳು ಮಾರಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ ನರಸಯ್ಯನನ್ನು ಆ ಕುಂಚ ಹಿಡಿದೇ ಸಾಕಿದ್ದಳು.

ನರಸಯ್ಯ ಮಿಲಿಟರಿಗೆ ಸೇರಿದ ಮರುವರ್ಷ ಅಮೇರಿಕಾದ ಯಾವುದೋ ಸಣ್ಣ ಊರಿನಿಂದ ಒಂದು ಆರ್ಡರ್ ಬಂತು. ಆಳುದ್ದದ ಕಲ್ಲು, ಅದರ ತುಂಬ ಹೆಸರು. ಮಾರಕ್ಕ ಬಣ್ಣ ತುಂಬಿ ತುಂಬಿ ಸಾಕಾಗಿ ಕೇಳಿದಳು:

"ಏನ್ಲಾ ಖಲಂದರಾ, ಒಂದೇ ಊರ್ನಾಗೆ ಇಷ್ಟೊಂದು ಜನ ಸತ್ರಾ? ಕಾಲರಾ ಬಂದಿತ್ತಾ?"

"ದಂಡಿನೋರು ಕಣಕ್ಕ. ವಿಯೆಟ್ನಾಂ ಅನ್ನೋ ದೇಶಕ್ಕೆ ಹೋಗಿ ಸತ್ತೋರು."

"ಅಲ್ಲಿ ಇವ್ರಿಗೇನ್ ಕೆಲ್ಸ?"

"ಇವ್ರು ಹೋಗ್ದಿದ್ರೆ ರಷ್ಯಾದೋನು ಬಂದ್ಬುಡ್ತಾನೆ ಅಂತ."

"ಆ ದೇಶದೋರೂ ಸತ್ತಿರ್ತಾರಲ್ಲ, ಅವ್ರ ಕಲ್ಲು ಯಾರು ಕೊರೀತಾರೆ?"

ಖಲಂದರ್ ಅಕ್ಷರದೊಳಗಿನ ಪುಡಿಯನ್ನು ಉಫ್ ಎಂದು ಊದಿದ. "ಅವ್ರ ಆರ್ಡರ್ ನಮ್ಗೆ ಬಂದಿಲ್ಲ ಕಣಕ್ಕ" ಎಂದ.

ಅವತ್ತಿಗೆ ಅದು ನಗುವ ಮಾತು. ಮಾರಕ್ಕ ನಕ್ಕಳು ಕೂಡ. ಮಗ ದೂರದ ಪಂಜಾಬಿನಲ್ಲಿ ಚಪಾತಿ ತಿಂದುಕೊಂಡು ಗುಂಡಗಿದ್ದಾನೆ ಎಂಬ ಧೈರ್ಯ ಅವಳಿಗಿತ್ತು. ನಗು ಎಷ್ಟು ದಿನದ್ದು ಎಂದು ಯಾರಿಗೆ ಗೊತ್ತಿರುತ್ತದೆ?

ಎಂಬತ್ತೇಳರಲ್ಲಿ ನರಸಯ್ಯನ ದಂಡನ್ನು ಶ್ರೀಲಂಕಾಕ್ಕೆ ಕಳಿಸಿದರು. ಅಲ್ಲಿ ತಮಿಳರಿಗೂ ಸಿಂಹಳರಿಗೂ ಜಗಳ, ನಮ್ಮವರು ಶಾಂತಿ ಮಾಡಿಸಲು ಹೋಗಿದ್ದಾರೆ ಎಂದು ರೇಡಿಯೋ ಹೇಳಿತು. ಜಗಳ ಬಿಡಿಸಲು ಹೋದವನಿಗೇ ಮೊದಲ ಏಟು ಎಂದು ನಮ್ಮ ಹಟ್ಟಿಯ ಮುದುಕಿಯರಿಗೂ ಗೊತ್ತಿರುವ ಮಾತು ದಿಲ್ಲಿಯವರಿಗೆ ಯಾಕೆ ಗೊತ್ತಿರಲಿಲ್ಲವೋ ಕಾಣೆ.

ಮರುವರ್ಷದ ಯುಗಾದಿಗೆ ಮಗ ರಜೆಯ ಮೇಲೆ ಬಂದ. ಬಂದವನು ಮಗನೇ, ಆದರೆ ಕಣ್ಣು ಅವನದಾಗಿರಲಿಲ್ಲ. ಮುದ್ದೆ ಮುರಿದು ಹಾಗೇ ಕೂತಿರುತ್ತಿದ್ದ. ಹಗಲೆಲ್ಲ ಕೆರೆ ಏರಿಯ ಮೇಲಿನ ಹಳೆಯ ವೀರಗಲ್ಲಿನ ಎದುರು ಇರುತ್ತಿದ್ದ. ಅದು ಯಾವ ಕಾಲದ ಕಲ್ಲೋ. ಊರ ದನ ಹೊಡೆದುಕೊಂಡು ಹೋಗಲು ಬಂದ ಕಳ್ಳರ ಜೊತೆ ಒಬ್ಬನೇ ಹೋರಾಡಿ, ದನ ಉಳಿಸಿ, ತಾನು ಸತ್ತವನಿಗೆ ನಿಲ್ಲಿಸಿದ್ದು. ಮೇಲಿನ ಸಾಲಿನಲ್ಲಿ ಅವನು ದೇವರ ಮುಂದೆ ಕೂತಿದ್ದಾನೆ. ಕೆಳಗಿನ ಸಾಲಿನಲ್ಲಿ ದನ, ಅವುಗಳ ನಡುವೆ ಕತ್ತಿ ಎತ್ತಿದ ಅವನು, ಅವನ ಎದುರು ಕಳ್ಳರು. ಹಬ್ಬಕ್ಕೊಮ್ಮೆ ಊರವರು ಎಣ್ಣೆ ಹಚ್ಚಿ ಕೈಮುಗಿಯುವ ಕಲ್ಲು.

ಒಂದು ಬೆಳಿಗ್ಗೆ ಮಾರಕ್ಕ ರೊಟ್ಟಿ ತೆಗೆದುಕೊಂಡು ಅಲ್ಲಿಗೇ ಹೋದಳು. ಕೇಳದೆಯೇ ಅವನು ಹೇಳಿದ.

"ಮೊದ್ಲು ಹೋದಾಗ ನಮ್ಗೆ ಹಾರ ಹಾಕುದ್ರು ಕಣವ್ವ. ಎಳನೀರು ಕೊಟ್ರು. ಒಂದು ಮನೇಲಿ ನಿನ್ ವಯಸ್ಸಿನ ಯಮ್ಮ ಇದ್ಲು. 'ತಂಬೀ, ವಾ, ಸಾಪ್ಪಿಡು' ಅಂತ ದಿನಾ ಕರೆಯೋಳು. ಬಾ ತಮ್ಮಾ, ಉಣ್ಣು ಅಂತ. ಮೂರು ತಿಂಗ್ಳಿಗೆಲ್ಲಾ ಎಲ್ಲಾ ತಿರುಗ್ಬುಡ್ತು. ನಾವು ಯಾರನ್ನ ಕಾಯಾಕೆ ಹೋಗಿದ್ವೋ ಅವ್ರ ಮೇಲೇ ಗುಂಡು. ಒಂದಿನ ಆ ಯಮ್ಮನ ಬೀದೀನೇ ಸುತ್ತಾಕುದ್ವಿ. ಕೊಟ್ಟಿಗೆಗೆ ಬೆಂಕಿ ಬಿತ್ತು. ಯಾವನೋ ಅದ್ರೊಳಕ್ಕೆ ನುಗ್ಗಿ ಈಚೆಗೆ ಓಡ್ಬಂದ. ಹೊಡೀರಿ ಅಂದ್ರು. ನಾನೇ ಹೊಡ್ದೆ ಕಣವ್ವ."

ಮಾರಕ್ಕ ರೊಟ್ಟಿಯ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಹೋಗಿ ನೋಡುದ್ರೆ ಆ ಯಮ್ಮನ ಮಗ. ಬಂದೂಕ ಇಲ್ಲ, ಬಾಂಬಿಲ್ಲ. ಕರ ಬಿಚ್ಚಿದ್ದ ಹಗ್ಗ ಕೈಯಾಗಿತ್ತು. ಆ ಯಮ್ಮ ಅಳ್ನೂ ಇಲ್ಲ, ಬೈನೂ ಇಲ್ಲ. ನನ್ ಮಕ ನೋಡಿ 'ತಂಬೀ' ಅಂದ್ಲು. ಅಷ್ಟೇಯ."

ಆಮೇಲೆ ಅವನು ಕಲ್ಲಿನ ಕಡೆ ಕೈ ತೋರಿಸಿದ. "ಇವ್ನಂಗೇ ದನಕ್ಕೋಸ್ಕರ ಸತ್ತೋನು ಆ ಯಮ್ಮನ ಮಗ. ಇಂಥ ಕಲ್ಲು ಅವ್ನಿಗೆ ನಿಲ್ಲಬೇಕು. ನಾನು ಇದ್ರಾಗೆ ಯಾವೋನು ಗೊತ್ತಾ?" ಎಂದು ಕೆಳಗಿನ ಸಾಲಿನ ಕಳ್ಳರ ಮೇಲೆ ಬೆರಳಿಟ್ಟ. "ನಾನೇನಾರ ಸತ್ರೆ ನನ್ನ ವೀರ ಅಂತ ಅನ್ನುಸ್ಬೇಡ ಕಣವ್ವ."

"ಥೂ, ಬುಡ್ತು ಅನ್ನು!" ಎಂದು ಗದರಿದಳು ಮಾರಕ್ಕ. ಅವನು ಬಿಡ್ತು ಅನ್ನಲಿಲ್ಲ.

ಶ್ರಾವಣದಲ್ಲಿ ತಂತಿ ಬಂತು. ನೆಲದಲ್ಲಿ ಹೂತಿಟ್ಟ ಸಿಡಿಮದ್ದು ಸಿಡಿದು ನರಸಯ್ಯ ಸತ್ತನಂತೆ. ಹೆಣ ಬರಲಿಲ್ಲ, ಅಲ್ಲೇ ಸುಟ್ಟರಂತೆ. ಒಂದು ಕಬ್ಬಿಣದ ಟ್ರಂಕು ಮಾತ್ರ ಬಂತು. ಅದರಲ್ಲಿ ಎರಡು ಜೊತೆ ಬಟ್ಟೆ, ಒಂದು ಕೈಗನ್ನಡಿ, ಅರ್ಧ ಖಾಲಿಯಾದ ಹರಳೆಣ್ಣೆ ಸೀಸೆ. ಆ ಎಣ್ಣೆ ಇವಳೇ ಕೊಟ್ಟು ಕಳಿಸಿದ್ದು. ಸೀಸೆಯನ್ನು ಎದೆಗೊತ್ತಿಕೊಂಡು ಅವಳು ಅತ್ತ ಅಳು ಕೇಳಿದವರು ಆ ಬೀದಿಯಲ್ಲಿ ಇನ್ನೂ ಇದ್ದಾರೆ.

ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟಳು. ಬಾಡಿನ ಸಾರು, ಮುದ್ದೆ, ಅವನಿಗೆ ಪ್ರಾಣವಾಗಿದ್ದ ಕಜ್ಜಾಯ. ಸೂರಿನ ಮೇಲಿಟ್ಟ ಎಲೆಯನ್ನು ಕಾಗೆ ಮುಟ್ಟಬೇಕು, ಮುಟ್ಟಿದರೆ ಸತ್ತವರು ಉಂಡಂತೆ. ಕಾಗೆ ಬಂತು, ನೋಡಿತು, ಹೋಯಿತು. ಮರುವರ್ಷವೂ ಅದೇ ಕತೆ. ಪಕ್ಕದ ಮನೆಯ ಸೂರಿನ ಮೇಲೆ ಕಾಗೆಗಳ ಸಂತೆ, ಇವಳ ಸೂರಿನ ಮೇಲೆ ಒಂದೂ ಇಲ್ಲ. ಹಸಿದ ಮಗ ಎಲ್ಲೋ ಸಮುದ್ರದ ದಡದಲ್ಲಿ ನೆಲೆಯಿಲ್ಲದೆ ಅಲೆಯುತ್ತಿದ್ದಾನೆ ಎಂದುಕೊಂಡಳು ಮಾರಕ್ಕ.

ಆ ನಡುವೆ ಕಾರ್ಖಾನೆಗೆ ಇನ್ನೊಂದು ಉದ್ದನೆಯ ಕಲ್ಲು ಬಂತು. ಅಕ್ಷರಗಳು ಕಾಲು ಮೇಲಾದ ಮಣೆಗಳ ಹಾಗಿದ್ದವು.

"ರಷ್ಯಾದೋರು ಕಣಕ್ಕ" ಎಂದ ಖಲಂದರ್, ಅವಳ ಮುಖ ನೋಡದೆ. "ಕಾಬೂಲಿನ ಕಡೆ ಸತ್ತೋರು."

"ಅಲ್ಲೇನ್ ಕೆಲ್ಸ ಇವ್ರಿಗೆ?"

"ಇವ್ರು ಹೋಗ್ದಿದ್ರೆ ಅಮೇರಿಕಾದೋನು ಬಂದ್ಬುಡ್ತಾನೆ ಅಂತ."

ಈ ಸಲ ಯಾರೂ ನಗಲಿಲ್ಲ. ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಸಾವು ಎನ್ನುತ್ತಾರೆ. ಕೋಣಗಳ ಕರುಗಳೂ ಸಾಯುತ್ತವೆ ಎಂಬುದನ್ನು ಮಾರಕ್ಕ ಒಂದೊಂದೇ ಅಕ್ಷರದಲ್ಲಿ ತುಂಬಿದಳು. ಪ್ರತಿ ಹೆಸರಿಗೂ ಒಬ್ಬಳು ತಾಯಿ ಎಂದುಕೊಳ್ಳುತ್ತಿದ್ದಳು. ಆಮೇಲೆ, ಕಲ್ಲಿಲ್ಲದ ತಾಯಂದಿರು ಎಷ್ಟು ಜನವೋ ಎಂದುಕೊಳ್ಳುತ್ತಿದ್ದಳು.

ತೊಂಬತ್ತರಲ್ಲಿ ದಂಡು ವಾಪಸ್ಸು ಬಂತು. ಹಾಲಿನ ಡೈರಿಯ ಅಧ್ಯಕ್ಷ ಮುನಿಶಾಮಯ್ಯ ಮಾರಕ್ಕನ ಮನೆಗೆ ಬಂದ. ಊರಿನಲ್ಲಿ ದಿನಾ ಪೇಪರ್ ಓದುವವನು ಅವನೊಬ್ಬನೇ. ಅದರ ಭಾರ ಅವನ ಮಾತಿನಲ್ಲಿ ಇರುತ್ತಿತ್ತು.

"ಮಾರಕ್ಕ, ನಿನ್ ಮಗ ನಮ್ಮೂರ ಹೆಸ್ರು ಉಳುಸ್ದ. ಹಳೇ ವೀರಗಲ್ಲಿನ ಪಕ್ಕದಾಗೇ ಅವ್ನಿಗೊಂದು ಕಲ್ಲು ನಿಲ್ಲಿಸ್ತೀವಿ. ನಾವು ಹೋಗ್ದಿದ್ರೆ ಅಮೇರಿಕಾದೋನು ಲಂಕಾದ ತ್ರಿಕೋನಮಲೆ ಬಂದರಿಗೆ ಹಡಗು ತಂದು ಕೂತ್ಬುಡ್ತಿದ್ದ, ಗೊತ್ತಾ?"

ಆ ಮಾತನ್ನು ಮಾರಕ್ಕ ಎರಡು ಸಲ ಆಗಲೇ ಕೇಳಿದ್ದಳು, ಎರಡು ಕಲ್ಲುಗಳ ಮುಂದೆ. ಮಗ ಏರಿಯ ಮೇಲೆ ಹೇಳಿದ್ದೂ ನೆನಪಿತ್ತು. ಬೇಡ ಎನ್ನಲು ಬಾಯಿ ತೆರೆದಳು. ಆದರೆ ಕಲ್ಲು ಎಂದರೆ ನೆಲೆ. ನೆಲೆ ಸಿಕ್ಕರೆ ಮಗ ಬಂದಾನು, ಉಂಡಾನು. ಹೆತ್ತ ಹೊಟ್ಟೆಯ ಆಸೆ ಆಡಹೊರಟ ಮಾತನ್ನು ನುಂಗಿಹಾಕಿತು. "ಆಗ್ಲಿ ಕಣಣ್ಣ" ಎಂದಳು.

ಕಾರ್ಖಾನೆಯವರೇ ಕಲ್ಲು ಕೊಟ್ಟರು. ಖಲಂದರ್ ಊಟ ಬಿಟ್ಟು ಕೂತು ಕೊರೆದ. ಬಂದೂಕ ಹಿಡಿದ ಯೋಧ, ಕೆಳಗೆ ಅಕ್ಷರ.

"ಇದು ನರಸಯ್ಯ" ಎಂದು ಬೆರಳಿಟ್ಟು ತೋರಿಸಿದ. "ಇದು ವೀರ ಯೋಧ."

ಮಾರಕ್ಕ ಕುಂಚ ಅದ್ದಿ ಹೆಸರಿನಿಂದ ಶುರು ಮಾಡಿದಳು. ಮಗನ ತಲೆಗೆ ಎಣ್ಣೆ ಹಚ್ಚಿದಷ್ಟೇ ಮೆಲ್ಲಗೆ ತುಂಬಿದಳು. ವೀರ ಎನ್ನುವಲ್ಲಿಗೆ ಬಂದಾಗ ಕುಂಚ ನಿಂತಿತು. ತುಂಬದೆ ಬಿಟ್ಟರೆ ಆ ಅಕ್ಷರ ಕಲ್ಲಿನ ಕಪ್ಪಿನಲ್ಲೇ ಅಡಗಿಹೋಗುತ್ತದೆ, ಹತ್ತಿರ ಬಂದವರಿಗಷ್ಟೇ ಕಾಣುತ್ತದೆ ಎಂದು ಅವಳಿಗೆ ಗೊತ್ತಿತ್ತು. ಊರವರು ಕೇಳುತ್ತಾರಲ್ಲ, ಏನು ಹೇಳಲಿ? ಕಣ್ಣು ಮುಚ್ಚಿಕೊಳ್ಳದೆ ಮಾಡಲಾಗದ ಕೆಲಸವನ್ನು ಕಣ್ಣು ಬಿಟ್ಟುಕೊಂಡೇ ಮಾಡಿದಳು, ಆ ಅಕ್ಷರಗಳಿಗೂ ಚಿನ್ನ ತುಂಬಿದಳು.

ಮಹಾಲಯ ಅಮಾವಾಸ್ಯೆಯ ಹಗಲು ಕಲ್ಲು ನಿಂತಿತು. ಇಡೀ ಊರು ಏರಿಯ ಮೇಲಿತ್ತು. ತಮಟೆಯಾಯಿತು, ಭಾಷಣವಾಯಿತು, ಜೈಕಾರವಾಯಿತು. ಮಾರಕ್ಕ ಎಲೆ ಹಾಸಿ ಎಡೆ ಬಡಿಸಿದಳು. ಎಲ್ಲರೂ ಹಿಂದೆ ಸರಿದು ನಿಂತರು.

ಏರಿಯ ಮಗ್ಗುಲ ಹುಣಸೆ ಮರದ ತುಂಬ ಕಾಗೆ. ಒಂದೂ ಇಳಿಯಲಿಲ್ಲ.

"ಏನೋ ಆಸೆ ಉಳಿಸ್ಕಂಡವ್ನೆ" ಎಂದಳು ಮಾರಕ್ಕನ ಓರಗಿತ್ತಿ ಚಿಕ್ಕಲಕ್ಷ್ಮಮ್ಮ. ನಮ್ಮಲ್ಲಿ ಹೀಗಾದರೆ ಸತ್ತವರ ಆಸೆ ಏನಿತ್ತೋ ಊಹಿಸಿ, ನಡೆಸಿಕೊಡುತ್ತೇವೆ ಎಂದು ಗಟ್ಟಿಯಾಗಿ ಮಾತು ಕೊಡಬೇಕು. ಚಿಕ್ಕಲಕ್ಷ್ಮಮ್ಮ ಕೈಮುಗಿದು ಕೂಗಿದಳು: "ನಿಮ್ಮವ್ವನ್ನ ನಾವ್ ನೋಡ್ಕತೀವಿ ಕಣಪ್ಪ, ಬಾ!" ಮುನಿಶಾಮಯ್ಯ ಕೂಗಿದ: "ನಿನ್ ಹೆಸ್ರು ಇಸ್ಕೂಲಿಗೆ ಇಡ್ತೀವಿ ಕಣ್ಲಾ, ಬಾರ್ಲಾ!" ಒಬ್ಬರಾದ ಮೇಲೆ ಒಬ್ಬರು ಕೊಟ್ಟ ಮಾತುಗಳೆಲ್ಲ ಕೆರೆಯ ನೀರಿನ ಮೇಲೆ ಹೋದವು. ಹೊತ್ತು ನೆತ್ತಿ ದಾಟಿತು. ಸಾರು ಆರಿತು.

ಮಗನ ಆಸೆ ಏನೆಂದು ಇಡೀ ಊರಿನಲ್ಲಿ ಒಬ್ಬಳಿಗೆ ಗೊತ್ತಿತ್ತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಹೇಳಿದರೆ ಮಗನ ಮಾನ ಹೋಗುತ್ತದೆ, ಹೇಳದಿದ್ದರೆ ಮಗ ಹಸಿದುಕೊಂಡೇ ಇರುತ್ತಾನೆ. ಕೊನೆಗೆ ಸೆರಗು ತೆಗೆದಳು.

"ನಿನ್ನ ವೀರ ಅನ್ನಾಕಿಲ್ಲ ಕಣೋ ನನ್ ಕಂದ! ತಪ್ಪಾಯ್ತು ಕಣೋ! ಕರ ಬಿಚ್ಚಾಕೆ ಹೋಗಿದ್ದ ಆ ಯಮ್ಮನ ಮಗುನ್ನ ನೀನು ಹೊಡ್ದಿದ್ದು ನಂಗೆ ಗೊತ್ತು. ಅವ್ನಿಗೂ ಎಡೆ ಇಕ್ತೀನಿ. ಮೊದ್ಲು ಅವ್ನಿಗೇ ಇಕ್ತೀನಿ. ಬಾರೋ!"

ಮಾರಕ್ಕ ಯಾರನ್ನೂ ನೋಡದೆ ಇನ್ನೊಂದು ಎಲೆ ತೆಗೆದು, ಹಳೆಯ ವೀರಗಲ್ಲಿನ ಬುಡದಲ್ಲಿ ಹಾಸಿ, ಕಜ್ಜಾಯ, ಮುದ್ದೆ, ಸಾರು ಬಡಿಸಿದಳು. "ಹೆಸ್ರು ಗೊತ್ತಿಲ್ಲ ಕಣಪ್ಪ ನಂಗೆ, ಬಾ" ಎಂದಳು.

ಮರದಿಂದ ಒಂದು ಕಾಗೆ ಇಳಿಯಿತು. ನೇರವಾಗಿ ಆ ಎಲೆಗೇ ಬಂದು ಕಜ್ಜಾಯ ಕಚ್ಚಿತು. ಆಮೇಲೆ ಇನ್ನೊಂದು ಬಂತು, ಇನ್ನೂ ಎರಡು ಬಂದವು. ಎಲೆ ಬರಿದಾಯಿತು. ಪಕ್ಕದಲ್ಲೇ, ಎರಡು ಮಾರು ದೂರದಲ್ಲಿ ನರಸಯ್ಯನ ಎಲೆ ಇತ್ತು. ಅದನ್ನು ಒಂದೂ ತಿರುಗಿ ನೋಡಲಿಲ್ಲ.

"ಊರ ಮಾನ ಕಳದ್ಬುಟ್ಟೆ" ಎಂದು ಮುನಿಶಾಮಯ್ಯ ಹೆಗಲ ಮೇಲಿನ ಟವೆಲ್ಲು ಕೊಡವಿ ಹೊರಟ. ಜನ ಅವನ ಹಿಂದೆ ಹೋದರು. ಕೆಲವರು ಅವಳನ್ನು ದಾಟುವಾಗ ನೆಲ ನೋಡಿಕೊಂಡರು. ಚಿಕ್ಕಲಕ್ಷ್ಮಮ್ಮ ಕೂಡ ನಿಲ್ಲಲಿಲ್ಲ. ಅವತ್ತಿನಿಂದ ಮದುವೆ ಮುಂಜಿಗೆ ಮಾರಕ್ಕನನ್ನು ಕರೆಯುವುದು ನಿಂತುಹೋಯಿತು.

ಮರುದಿನ ಖಲಂದರ್ ಸೈಕಲ್ಲಿನಲ್ಲಿ ಬಂದ. ಸುದ್ದಿ ಅವನಿಗೂ ಮುಟ್ಟಿತ್ತು. ಸಣ್ಣ ಉಳಿ ಮತ್ತು ಬಣ್ಣ ಕರಗಿಸುವ ಥಿನ್ನರ್ ಬಾಟಲಿ ಅವಳ ಕೈಗಿಟ್ಟ. ಇಬ್ಬರೂ ಏರಿಯ ಮೇಲೆ ಕೂತು ವೀರ ಎನ್ನುವ ಅಕ್ಷರಗಳಿಂದ ಚಿನ್ನವನ್ನು ಕೆರೆದು ತೆಗೆದರು. ಮಧ್ಯಾಹ್ನದ ಹೊತ್ತಿಗೆ ಆ ಮಾತು ಕಲ್ಲಿನಲ್ಲಿ ಕಾಣದಾಯಿತು.

ಮರುವರ್ಷ ಎರಡು ಎಡೆ ಇಟ್ಟಳು. ಆ ಯಮ್ಮನ ಮಗನ ಎಡೆ ಖಾಲಿಯಾಯಿತು, ನರಸಯ್ಯನದು ಉಳಿಯಿತು. ಅದರ ಮರುವರ್ಷವೂ ಹಾಗೇ.

ಈಗ ಕಾರ್ಖಾನೆ ಇಲ್ಲ, ಖಲಂದರನೂ ಇಲ್ಲ. ಮಾರಕ್ಕನಿಗೆ ಎಂಬತ್ತು ದಾಟಿದೆ, ಏರಿ ಹತ್ತಲು ಮೂರು ಕಡೆ ಕೂರಬೇಕು. ಟಿವಿಯಲ್ಲಿ ಯಾವ ದೇಶ ಯಾವ ದೇಶದೊಳಕ್ಕೆ ನುಗ್ಗಿದ ಸುದ್ದಿ ಬಂದರೂ ಎದ್ದು ಹೊರಗೆ ಹೋಗುತ್ತಾಳೆ. ಅವರು ಏನು ಹೇಳುತ್ತಾರೆಂದು ಅವಳಿಗೆ ಗೊತ್ತು.

ಹೋದ ಅಮಾವಾಸ್ಯೆಗೂ ಎರಡು ಎಲೆ ಹಾಸಿದಳು. ಹಳೆಯ ಕಲ್ಲಿನ ಮುಂದಿನದು ಬರಿದಾಯಿತು. "ಅವ್ನು ಉಂಡಾಯ್ತು, ಇನ್ನಾದ್ರೂ ಉಣ್ಣು ಮಗ" ಎಂದು ಅಂಗಲಾಚಿದಳು. ಕಾಗೆ ಮರದ ಮೇಲೇ ಇತ್ತು. ಆಗ ಅವಳಿಗೆ ಏನನ್ನಿಸಿತೋ, ಮಗ ಒಂದೇ ಒಂದು ಸಲ ಹೇಳಿದ್ದ ಮಾತನ್ನು ಹುಡುಕಿ ತೆಗೆದು, ತನ್ನದಲ್ಲದ ಭಾಷೆಯಲ್ಲಿ, ಇನ್ನೊಬ್ಬಳ ದನಿಯಲ್ಲಿ ಕರೆದಳು:

"ತಂಬೀ, ವಾ, ಸಾಪ್ಪಿಡು."

ಕಾಗೆ ಕತ್ತು ಓರೆ ಮಾಡಿ ಕೆಳಗೆ ನೋಡಿತು. ಅದು ಇಳಿಯಲಿಲ್ಲ. ಆ ಮಾತನ್ನು ಹೇಳಬೇಕಾದವಳು ಸಮುದ್ರದ ಆಚೆಯವಳು, ಬದುಕಿದ್ದಾಳೋ ಇಲ್ಲವೋ, ಯಾರಿಗೆ ಗೊತ್ತು? ಮಾರಕ್ಕ ಎಲೆಯ ಪಕ್ಕದಲ್ಲೇ ಕೂತಳು. ಹೊತ್ತು ಇಳಿಯುವವರೆಗೂ ಮುದ್ದೆಯ ಮೇಲೆ ಇರುವೆ ಹತ್ತದ ಹಾಗೆ ಸೆರಗಿನಲ್ಲಿ ಬೀಸುತ್ತಿದ್ದಳು.